ಎರಡು ಕಾಗದ, ಒಂದು ಸಹಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು ಇಳಿಯಿತಾ? ಔಷಧಿ ತಗೊಳ್ಳೋದರಲ್ಲಿ ನೀವಿಬ್ಬರೂ ಒಬ್ಬರಿಗಿಂತ ಒಬ್ಬರು ಸೋಮಾರಿಗಳು, ಅದಕ್ಕೇ ಮೊದಲೇ ಕೇಳಿಬಿಟ್ಟೆ. ಅಕ್ಷರ ಸೊಟ್ಟಗಿವೆ ಅಂತ ನಗಬೇಡ. ಬೆರಳು ಇನ್ನೂ ಪೂರ್ತಿ ಮಡಚಲು ಬರುತ್ತಿಲ್ಲ.

ಸೋಮವಾರ ಲಾಂಡ್ರಿಗೆ ವಾಪಸ್ ಹೋದೆ. ಇಸ್ತ್ರಿ ರೋಲರಿಗೆ ಕೈ ಸಿಕ್ಕಿ ಏಳು ವಾರ ಆಯಿತಲ್ಲ. ಇನ್ನೆರಡು ತಿಂಗಳು ಭಾರ ಎತ್ತಬಾರದು, ಬಿಸಿ ಯಂತ್ರದ ಹತ್ತಿರ ನಿಲ್ಲಬಾರದು ಅಂತ ಡಾಕ್ಟರಮ್ಮ ಚೀಟಿ ಕೊಟ್ಟಿದ್ದರು. ನಮ್ಮ ಸೂಪರ್‌ವೈಸರ್, ನಾವೆಲ್ಲ ‘ಗಡಿಯಾರ’ ಅಂತೀವಲ್ಲ, ಆತ ಅದನ್ನು ಓದಲೂ ಇಲ್ಲ. “ಅರ್ಧ ಕೈಗೆ ಇಲ್ಲಿ ಕೆಲಸ ಇಲ್ಲಮ್ಮ” ಅಂದು ಎರಡು ಕಾಗದ ಮುಂದಿಟ್ಟ. ಒಂದರಲ್ಲಿ ನಾನು ಪೂರ್ತಿ ವಾಸಿಯಾಗಿದ್ದೇನೆ ಅಂತ, ಇನ್ನೊಂದರಲ್ಲಿ ನಾನೇ ಇಷ್ಟಪಟ್ಟು ಕೆಲಸ ಬಿಡ್ತಿದ್ದೇನೆ ಅಂತ. ಯಾವುದಕ್ಕಾದರೂ ಸರಿ, ಸಹಿ ಹಾಕು ಅಂದ. “ಕನ್ನಡಕ ಮರೆತು ಬಂದಿದ್ದೀನಿ, ನಾಳೆ ಓದಿ ಹಾಕ್ತೀನಿ” ಅಂದೆ. ನನಗೆ ಕನ್ನಡಕವೇ ಇಲ್ಲ, ನಿನಗೆ ಗೊತ್ತಲ್ಲ!

ಮನೆಗೆ ಬಂದರೆ ಇವರು, “ಸಹಿ ಹಾಕಿಬಿಡು, ದೊಡ್ಡವರನ್ನ ಯಾಕೆ ಎದುರು ಹಾಕ್ಕೊಳ್ತೀಯ” ಅಂದರು. ಅವರ ಭಯ ಅರ್ಥವಾಗುತ್ತೆ. ಬೇಜಾರಾಗಲಿಲ್ಲ ಅಂದರೆ ಮಾತ್ರ ಸುಳ್ಳು. ಕೊನೆಗೆ, ಇಪ್ಪತ್ತು ವರ್ಷದಿಂದ ನಮ್ಮ ಲಾಂಡ್ರಿಯ ಬಟ್ಟೆ ಮಡಿಸೋ ಮೇಜಿನಲ್ಲಿರುವ, ನಾವೆಲ್ಲ ದೊಡ್ಡಮ್ಮ ಅಂತ ಕರೆಯೋವಳ ಮನೆಗೆ ಓಡಿದೆ. “ಯಾವುದಕ್ಕೂ ಸಹಿ ಹಾಕ್ಬೇಡ ಕಣೇ. ಕೆಲಸ ಮಾಡ್ತಾ ಪೆಟ್ಟು ತಿಂದವಳನ್ನ ಹಾಗೆಲ್ಲ ಹೊರಗೆ ಹಾಕೋ ಹಾಗಿಲ್ಲ. ಡಾಕ್ಟರ್ ಚೀಟಿಯ ಪ್ರತಿ ಆಫೀಸಿಗೆ ಕೊಡು, ಇನ್ನೊಂದು ಪ್ರತಿ ಮೇಲೆ ಅವರ ಸೀಲು ಹಾಕಿಸಿ ನೀನಿಟ್ಕೋ” ಅಂದಳು.

ಮಂಗಳವಾರ ಹಾಗೇ ಮಾಡಿದೆ. ಮ್ಯಾನೇಜರು ಚೀಟಿಯನ್ನು ಎರಡು ಸಲ ಓದಿ ಗಡಿಯಾರನನ್ನು ಒಳಗೆ ಕರೆದರು. ಹೊರಗೆ ಬಂದವನು ನನ್ನ ಮುಖ ನೋಡದೆ, “ಮಡಿಸೋ ಮೇಜಿಗೆ ಹೋಗು” ಅಂದ. ಕೂತು ದಿಂಬಿನ ಕವರ್ ಮಡಿಸೋದು, ಸಂಬಳ ಮೊದಲಿನದೇ. ಕುಣಿದಾಡಬೇಕಿತ್ತು. ಆದರೆ ಅವನ ಬೂಟಿನ ಸದ್ದು ಕೇಳಿದರೆ ಸಾಕು, ಮಡಿಸಿದ ಕವರನ್ನೇ ಬಿಚ್ಚಿ ಮತ್ತೆ ಮಡಿಸ್ತೀನಿ.

ಭಾವನಿಗೆ ನನ್ನ ನಮಸ್ಕಾರ. ಮಕ್ಕಳ ಕೆನ್ನೆಗೆ ಎರಡೆರಡು ಮುತ್ತು.

ನಿನ್ನ ಪುಟ್ಟಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ನನ್ನ ಕೈ ಸಿಕ್ಕ ಯಂತ್ರಕ್ಕೆ, ಕೈ ಒಳಗೆ ಹೋಗದ ಹಾಗೆ ತಡೆಯೋ ಕಂಬಿ ಆಗ ಇರಲಿಲ್ಲ, ಈಗ ವಾಪಸ್ ಹೋದಾಗಲೂ ಹಾಕಿರಲಿಲ್ಲ. ಅಲ್ಲಿ ನಿಲ್ಲಿಸಿದ್ದವಳು ಹೊಸಬಳು, ನನ್ನಷ್ಟೇ ಗಿಡ್ಡಿ, ಬೆಡ್‌ಶೀಟ್ ತೂರಿಸೋಕೆ ಪೂರ್ತಿ ಬಾಗಬೇಕು. ನೋಡಲಾಗಲಿಲ್ಲ. ನಿನ್ನೆ ಬೆಳಿಗ್ಗೆ ಅದನ್ನೂ ಬರೆದು, ನನ್ನ ಹೆಸರು ಹಾಕಿ ಮ್ಯಾನೇಜರಿಗೆ ಕೊಟ್ಟುಬಿಟ್ಟೆ. ಮಧ್ಯಾಹ್ನದೊಳಗೆ ಯಂತ್ರ ನಿಲ್ಲಿಸಿದರು. ನಾಲ್ಕು ಜನಕ್ಕೆ ಕೆಲಸ ಇಲ್ಲದಂತಾಯಿತು. ಊಟಕ್ಕೆ ಯಾರೂ ನನ್ನ ಪಕ್ಕ ಕೂರಲಿಲ್ಲ, ಆ ಹೊಸಬಳೂ ಕೂರಲಿಲ್ಲ. ಇವತ್ತು ಹತ್ತು ಗಂಟೆಗೆ ಆಫೀಸಿಗೆ ಬಾ ಅಂದಿದ್ದಾರೆ. ಇವರಿಗೆ ಇನ್ನೂ ಹೇಳಿಲ್ಲ. ನಾನು ಮಾಡಿದ್ದು ಸರಿ ಅನ್ನಿಸಿದರೆ ಒಂದು ಸಾಲು ಬರೆ ಅಕ್ಕಾ. ತಪ್ಪು ಅನ್ನಿಸಿದರೂ ಬರೆ, ಬೈಯಬೇಡ ಅಷ್ಟೆ.