ಅವಳು ನಕ್ಕ ದಿನ

ಮಾರ್ಚ್ 4, ಬೆಳಗ್ಗೆ 6
ಕರಣೆ, ಮಟ್ಟಗೋಲು ಚೀಲಕ್ಕೆ ಹಾಕಿದ್ದಾಯ್ತು. ಹೆಂಡ್ತಿ ಇನ್ನೂ ಹಾಸಿಗೇಲೇ. ಎಚ್ಚರ ಇದೆ, ಏಳ್ತಿಲ್ಲ. ಖಿನ್ನತೆ ಅಂದಿದಾರೆ ಡಾಕ್ಟರಮ್ಮ. ಮಾತ್ರೆ ಶುರುವಾಗಿ ಒಂಬತ್ತು ದಿನ. ಗೋಡೆ ಕಡೆ ತಿರುಗಿದಳು. ಗಾರೆ ಮೇಸ್ತ್ರಿ ಹೆಂಡ್ತಿ ಅಲ್ವಾ — ಪ್ಲಾಸ್ಟರ್ ಸರಿ ಇದೆಯಾ ನೋಡಿ ಹೇಳು ಅಂದೆ. ನಗಲಿಲ್ಲ.

ಮಾರ್ಚ್ 7, ಸಂಜೆ
ನಕ್ಕಳು! ಸೈಟಲ್ಲಿ ಇಂಜಿನಿಯರು ಹಸಿ ಕಾಂಕ್ರೀಟಿನ ಮೇಲೆ ಕಾಲಿಟ್ಟು, ಒಂದು ಬೂಟು ಅಲ್ಲೇ ಬಿಟ್ಟು, ಕುಂಟ್ಕೊಂಡು ಓಡಿದ್ದು... ಆಕ್ಟ್ ಮಾಡಿ ತೋರಿಸಿದೆ. ಹಲ್ಲು ಕಾಣೋ ಹಾಗೆ ನಕ್ಕಳು. ಗೆದ್ದೆ. ಮಾತ್ರೆಗೆ ಬಾಯಿ ಒಣಗುತ್ತೆ ಅಂತಿದ್ಳಲ್ಲ, ಇನ್ಯಾಕೆ ಬಿಡು, ಗುಣ ಆಯ್ತು ಅಂದೆ. ಡಬ್ಬಿ ಅಟ್ಟಕ್ಕೆ ಎಸೆದೆ.

ಮಾರ್ಚ್ 29
ಬರೆದಿರಲಿಲ್ಲ. ಏನಂತ ಬರೀಲಿ. ಮೂರು ದಿನದಿಂದ ಊಟ ಇಲ್ಲ, ಸ್ನಾನ ಇಲ್ಲ. ನಿನ್ನೆ ಅಂದಳು — ನಾನಿಲ್ದಿದ್ರೆ ನಿಮಗೆ ಹಗುರ ಅಂತ. ಇವತ್ತು ಬೆಳಗ್ಗೇನೇ ಆಟೋ ಹತ್ತಿಸಿದೆ.
ಡಾಕ್ಟರಮ್ಮ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಸೆರಟೋನಿನ್ನೋ ಏನೋ, ತಲೇಲಿರೋ ರಾಸಾಯನಿಕ — ಅದನ್ನ ಮಾತ್ರೆ ಬೇಗ ಏರಿಸುತ್ತಂತೆ. ಅಷ್ಟೇ ಸಾಲದಂತೆ. ಬಾಡಿದ ನರದ ಕುಡಿ ಮತ್ತೆ ಚಿಗುರೋಕೆ ಬೆಳೆಸೋ ಅಂಶ ಅಂತ ಒಂದು ಬೇಕು, ಇಂಗ್ಲಿಷಲ್ಲಿ ನಾಲ್ಕಕ್ಷರದ ಹೆಸರು, ನನ್ನ ನಾಲ್ಕನೇ ಕ್ಲಾಸಿನ ತಲೇಲಿ ನಿಲ್ಲಲಿಲ್ಲ. ಅದು ಹೆಚ್ಚೋಕೆ ವಾರಗಟ್ಟಲೆ ಹಿಡಿಯುತ್ತಂತೆ. ಇದೆಲ್ಲ ಹೇಗಾಗುತ್ತೆ ಅಂತ ಪೂರ್ತಿ ಇನ್ನೂ ಯಾರಿಗೂ ಗೊತ್ತಾಗಿಲ್ಲ ಅಂದ್ರು.
ನನಗೆ ಗೊತ್ತಾಯ್ತು. ಹೊಸ ಸ್ಲ್ಯಾಬು ಮೇಲ್ಗಡೆ ಗಟ್ಟಿ ಕಾಣುತ್ತೆ, ಒಳಗೆ ಹಸಿ. ಕೆಳಗೆ ಆನಿಸಿರೋ ಸೆಂಟ್ರಿಂಗ್ ಹಲಗೆ ಬೇಗ ಬಿಚ್ಚಿದ್ರೆ ಕುಸಿಯುತ್ತೆ ಅಂತ ಊರಿಗೆಲ್ಲ ಬೈಯೋನು ನಾನು. ಮನೇಲಿ ಹನ್ನೆರಡನೇ ದಿನಕ್ಕೇ ಬಿಚ್ಚಿದೆ.
ಆವತ್ತು ನಕ್ಕಳಲ್ಲ ಮೇಡಂ ಅಂದೆ. ಇವಳು ನೆಲ ನೋಡ್ತಾ ಅಂದಳು:
"ನೀವು ಅಷ್ಟೊಂದು ಕುಂಟ್ತಾ ಇದ್ರಿ. ಪಾಪ ಅನ್ನಿಸ್ತು. ಅದಕ್ಕೇ ನಕ್ಕೆ."

ಏಪ್ರಿಲ್ 6
ಮಾತ್ರೆ ಎರಡು ಹೊತ್ತು ನಾನೇ ಕೊಡ್ತೀನಿ. ತಗೊಂಡು ಮತ್ತೆ ಗೋಡೆ ಕಡೆ ತಿರುಗ್ತಾಳೆ.

ಏಪ್ರಿಲ್ 20, ಮಧ್ಯಾಹ್ನ
ಇವತ್ತು ತಾನೇ ತಲೆ ಬಾಚ್ಕೊಂಡ್ಳು. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ.
"ಯಾಕ್ರೀ, ನಾಲಿಗೆ ಬಾಡಿಗೆಗೆ ಕೊಟ್ರಾ?" ಅಂದಳು.
ಮದುವೆ ಆಗಿ ಇಪ್ಪತ್ತಾರು ವರ್ಷ. ಅಷ್ಟರಲ್ಲಿ ಎಷ್ಟು ಸಲ ಪಾಪ ಅಂತ ನಕ್ಕಿದ್ಳೋ. ಕೇಳೇಬಿಟ್ಟೆ. ಬಾಚಣಿಗೆ ಕೆಳಗಿಟ್ಟಳು. ನನ್ನ ಮುಖ ನೋಡಿದಳು. "ಮೊದಲ ಸಲ ಅಂದ್ರೆ..." ಅಂತ ಬೆರಳು ಮಡಚಿ ಎಣಿಸೋಕೆ ಶುರು ಮಾಡಿದಳು.