ಓಡಿಹೋದವರ ಪಟ್ಟಿಯಲ್ಲಿ ಸಿಗಾ

ಸಾಗರ ಕಪ್ ಆನ್‌ಲೈನ್ ಪಂದ್ಯಾವಳಿಯ ಶಿಸ್ತು ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಹಾಗೆ ಕರೆಯುವುದು ರೂಢಿ, ಅದಕ್ಕೆ ಕರೆದಿದ್ದೇನೆ. ನಿಮ್ಮ ಜಾಲತಾಣದಲ್ಲಿ ‘ಪಂದ್ಯ ಬಿಟ್ಟು ಓಡಿಹೋದವರು’ ಎಂಬ ಪಟ್ಟಿಯೊಂದಿದೆ. ಅದರಲ್ಲಿ ನನ್ನ ತಮ್ಮನ ಮಗಳು ಸಿಗಾ ಸೆನ್ ಹೆಸರನ್ನು ಫೋಟೊ ಸಮೇತ ಹಾಕಿದ್ದೀರಿ. ಅವಳು ಓಡಿಹೋಗಲಿಲ್ಲ. ರುಫಿಸ್ಕ್‌ನ ನಮ್ಮ ಮನೆಯಲ್ಲಿ, ಚಾಪೆಯ ಮೇಲೆ, ನನ್ನ ಪಕ್ಕದಲ್ಲೇ ಕೂತಿದ್ದಳು. ಓಡಿಹೋದದ್ದು ನಿಮ್ಮ ಸರ್ವರ್.

ಅಂದು ಸೆಮಿಫೈನಲ್. ಸಂಜೆ ಐದು ಗಂಟೆ. ಪರದೆಯ ಮೇಲಿನ ಕುಸ್ತಿಯಲ್ಲಿ ಸಿಗಾ ಎದುರಾಳಿಯ ಸೊಂಟ ಹಿಡಿದು ಎತ್ತಿದ್ದಳು, ಇನ್ನೊಂದು ಪಟ್ಟು ಹಾಕಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಚಿತ್ರ ನಿಂತಿತು, ‘ಸಂಪರ್ಕದ ಅವಧಿ ಮೀರಿದೆ’ ಎಂಬ ಸಾಲು ಬಂತು. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ.

“ಅಮ್ಮಾ, ರೂಟರ್ ಆಫ್ ಮಾಡಿ ಆನ್ ಮಾಡಿ.”

“ಮೂರು ಸಲ ಮಾಡಾಯ್ತು ಕಣಪ್ಪ.”

“ಇನ್ನೊಂದ್ಸಲ ಮಾಡಿ. ಮನೇಲಿ ಬೇರೆ ಯಾರಾದ್ರೂ ಸಿನಿಮಾ ನೋಡ್ತಿದಾರಾ?”

“ಎಲ್ರೂ ನಿಮ್ಮ ಸಿನಿಮಾನೇ ನೋಡ್ತಾ ಕೂತಿದೀವಿ.”

ಮಹಾಶಯ ಫೋನ್ ಇಟ್ಟುಬಿಟ್ಟ.

ಸ್ವಾಮಿ, ಏನೂ ತಿಳಿಯದ ಮುದುಕಿಯೆಂದು ನನ್ನನ್ನು ಎಣಿಸಬೇಡಿ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು ನಾನು. ಲೈನು ಎಲ್ಲಿ ಕಡಿಯಿತೆಂದು ಹುಡುಕುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ವೈಫೈ ಬಿಟ್ಟು ಕೇಬಲ್ ಹಾಕಿದೆವು. ಆ ಕೇಬಲ್ಲನ್ನೂ ಬದಲಿಸಿದೆವು. ಮನೆಯ ಎಲ್ಲರ ಫೋನುಗಳನ್ನೂ ನೆಟ್ಟಿನಿಂದ ಬಿಡಿಸಿದೆವು. ಬೇರೆ ಆಟಗಳು ಚೆನ್ನಾಗಿಯೇ ಓಡಿದವು. ಫ್ರಾನ್ಸಿನಲ್ಲಿರುವ ತಂಗಿಯ ಜೊತೆ ಮುಖ ನೋಡಿಕೊಂಡು ಮಾತಾಡಿದೆವು. ಕೊನೆಗೆ ಸಿಗಾ ನಮ್ಮ ಮನೆಯಿಂದ ನಿಮ್ಮ ಸರ್ವರಿನವರೆಗೆ ದಾರಿಯಲ್ಲಿ ಸಿಗುವ ಒಂದೊಂದು ನಿಲ್ದಾಣಕ್ಕೂ ಪಿಂಗ್ ಕಳಿಸಿದಳು. ಎಲ್ಲವೂ ಓಗೊಟ್ಟವು. ನಿಮ್ಮ ಬಾಗಿಲಲ್ಲಿ ಮಾತ್ರ, ಮುಸ್ಸಂಜೆಯ ನಮಾಜಿನ ಕರೆ ಕೇಳುವವರೆಗೂ, ಸದ್ದಿಲ್ಲ.

ಇದೆಲ್ಲವನ್ನೂ ಬರೆದು ಕಳಿಸಿದ್ದಕ್ಕೆ ನಿಮ್ಮ ಕಚೇರಿಯ ಉತ್ತರವೇನು? ‘ಸಂಪರ್ಕ ಕಡಿದ ಐದು ನಿಮಿಷದೊಳಗೆ ಆಟದ ಒಳಗಿನಿಂದಲೇ ದೂರು ಸಲ್ಲಿಸಬೇಕಿತ್ತು.’ ಅಬ್ಬಬ್ಬಾ! ಬಾಗಿಲು ತೆರೆಯುತ್ತಿಲ್ಲ ಎಂಬ ದೂರನ್ನು ಒಳಗೆ ಬಂದು ಕೊಡಬೇಕೇ? ಈ ನಿಯಮ ಬರೆದ ಪುಣ್ಯಾತ್ಮನಿಗೆ ಸಂಬಳವೂ ಉಂಟೇ? ಓದಿ ನನಗೆ ಹೇಸಿಗೆಯಾಯಿತು. ಎಕ್ಸ್‌ಚೇಂಜಿನಲ್ಲಿ ದಿನಕ್ಕೆ ನೂರು ಲೈನು ಕಡಿಯುತ್ತಿದ್ದವು. ‘ಲೈನು ಹೋಯಿತು’ ಎಂದು ಬರೆಯುತ್ತಿದ್ದೆವೇ ಹೊರತು ‘ಮಾತಾಡುತ್ತಿದ್ದವನು ಓಡಿಹೋದ’ ಎಂದು ಒಂದು ದಿನವೂ ಬರೆದವರಲ್ಲ.

ಆ ಒಂದು ಮಾತು ನಮ್ಮ ಮನೆಯಲ್ಲಿ ಏನು ಮಾಡಿತು ಗೊತ್ತೇ? ಸಿಗಾಳ ತಂದೆ, ನನ್ನ ತಮ್ಮ ಜೆಗಾನ್, ಹದಿನಾಲ್ಕು ವರ್ಷ ಮರಳಿನ ಕಣದಲ್ಲಿ ಕುಸ್ತಿ ಆಡಿದವನು. ಸೋತಿದ್ದಾನೆ, ಹಲ್ಲು ಮುರಿಸಿಕೊಂಡಿದ್ದಾನೆ, ಬೆನ್ನು ತೋರಿಸಿದವನಲ್ಲ. ಎದುರುಮನೆಯ ಹಮಾದಿ ಸೀ ತುಕುಲೋರ್ ಕುಲದವನು, ನಾವು ಸೆರೇರ್ ಕುಲದವರು. ನಮ್ಮೆರಡು ಕುಲಗಳದ್ದು ಗೇಲಿಯ ನಂಟು, ಬೈದಷ್ಟೂ ಸಲಿಗೆ. ನಲವತ್ತು ವರ್ಷದಿಂದ ಅವನು ದಿನಾ ನಮ್ಮ ಬಾಗಿಲಲ್ಲಿ ನಿಂತು, “ಲೇ ಹೊಟ್ಟೆಬಾಕ, ಇವತ್ತು ಎಷ್ಟು ತಟ್ಟೆ ಅನ್ನ ಬಾರಿಸ್ದೆ?” ಎನ್ನುತ್ತಾನೆ. ಇವನು, “ನಿನ್ನ ಪಾಲೂ ತಿಂದೆ ಕಣೋ. ನನ್ನ ಆಳು ನೀನು, ಬಂದು ಪಾತ್ರೆ ತೊಳಿ,” ಎನ್ನುತ್ತಾನೆ.

ನಿಮ್ಮ ಪಟ್ಟಿ ಬಂದ ಮರುದಿನ ಹಮಾದಿ ಬಂದ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು, ತಗ್ಗಿದ ದನಿಯಲ್ಲಿ, “ಜೆಗಾನ್ ಅವರೇ, ಎಲ್ಲ ಕ್ಷೇಮಾನಾ?” ಎಂದ.

ನನ್ನ ತಮ್ಮ ಚಹದ ಲೋಟ ಕೆಳಗಿಟ್ಟ. ಹಮಾದಿ ಹೋದ ಮೇಲೆ, “ಅಕ್ಕಾ, ಇವನೂ ನನ್ನ ನೋಡಿ ಅಯ್ಯೋ ಪಾಪ ಅನ್ನೋ ಹಾಗಾಯ್ತಲ್ಲಾ,” ಎಂದ. ಒಳಗಿದ್ದ ಸಿಗಾಗೆ ಅದು ಕೇಳಿಸಿತು. ಅಂದಿನಿಂದ ಅವಳು ಆಟ ಮುಟ್ಟಿಲ್ಲ, ಬೀದಿಗೂ ಇಳಿದಿಲ್ಲ.

ಈಗ ಅಧ್ಯಕ್ಷರಾದ ತಮ್ಮದೇ ವಿಷಯಕ್ಕೆ ಬರುತ್ತೇನೆ. ಕಳೆದ ಭಾನುವಾರ ಫೈನಲ್ ಶುರುವಾಗುವ ಮುಂಚೆ ತಾವು ಅದೇ ಸರ್ವರಿನ ಮೂಲಕ ಭಾಷಣ ಮಾಡಿದಿರಿ. ನಾನೂ ನೋಡಿದೆ. “ನಮ್ಮ ವ್ಯವಸ್ಥೆ ಯಾವತ್ತೂ...” ಎಂದಿರಿ, ತೆರೆದ ಬಾಯಿ ತೆರೆದಂತೆಯೇ ನಿಂತಿರಿ, ಆಮೇಲೆ ಮಾಯವಾದಿರಿ. ‘ಸಂಪರ್ಕದ ಅವಧಿ ಮೀರಿದೆ.’ ಮತ್ತೆ ಬರಲೇ ಇಲ್ಲ. ಐದು ನಿಮಿಷದೊಳಗೆ ಒಳಗಿನಿಂದಲೇ ದೂರು ಕೊಟ್ಟಿರಾ? ಮರುದಿನ ‘ತಾಂತ್ರಿಕ ಅಡಚಣೆ’ ಎಂದು ಪ್ರಕಟಣೆ ಬಂತು. ಓಡಿಹೋದವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದೆ, ತಮ್ಮ ಹೆಸರಿಲ್ಲ.

ನಮಗೆ ಮರುಪಂದ್ಯ ಬೇಡ, ಬಹುಮಾನವೂ ಬೇಡ. ಸಿಗಾಳ ಹೆಸರು ತೆಗೆಯಿರಿ. ತೆಗೆದ ಸುದ್ದಿಯನ್ನು ಅಷ್ಟೇ ದೊಡ್ಡಕ್ಷರದಲ್ಲಿ ಹಾಕಿ. ಇಲ್ಲವಾದರೆ ಅವಳ ಹೆಸರಿನ ಕೆಳಗೆ ತಮ್ಮ ಹೆಸರು ಸೇರಿಸಿ, ಫೋಟೊ ಸಮೇತ. ಬಾಯಿ ತೆರೆದು ನಿಂತದ್ದು ನನ್ನ ಫೋನಿನಲ್ಲಿದೆ, ಕಳಿಸಿಕೊಡುತ್ತೇನೆ. ಎರಡರಲ್ಲಿ ಯಾವುದಾದರೂ ಆದ ದಿನ ಹಮಾದಿ ನಮ್ಮ ಬಾಗಿಲಿಗೆ ಬಂದು ನನ್ನ ತಮ್ಮನನ್ನು ಹೊಟ್ಟೆಬಾಕ ಎಂದು ಬೈಯುತ್ತಾನೆ. ಆ ಬೈಗುಳ ನಮಗೆ ವಾಪಸು ಬೇಕು.

ಇಂತಿ,
ಇನ್ನೂ ಲೈನಿನಲ್ಲೇ ಕಾಯುತ್ತಿರುವ
ತೆನಿಂಗ್ ಸೆನ್
ನಿವೃತ್ತ ಟೆಲಿಫೋನ್ ಆಪರೇಟರ್, ರುಫಿಸ್ಕ್