ಜಗಲಿಗೆ ಕಟ್ಟಿದ ತಡಿಕೆ

ಬಿಳಿಗೆರೆ
7-3-2001, ಬುಧವಾರ

ಮಗಳೇ ಗಿರಿಜಾ,

ಹೇಗಿದ್ದೀಯವ್ವ? ಕೂಸು ಇಂಪನಾ ಹೇಗಿದ್ದಾಳೆ? ಮೊನ್ನೆ ನಿನ್ನ ತವರು ಮಾಯಸಂದ್ರದಿಂದ ಬಂದ ಮಹಾಂತೇಶ, ಮಗಳು ತಾನೇ ಮಗುಚಿಕೊಳ್ಳುತ್ತಾಳೆ, ಎತ್ತಿಕೊಂಡರೆ ನೇರ ಮೀಸೆಗೇ ಕೈ ಹಾಕುತ್ತಾಳೆ ಎಂದು ಹೇಳಿ ಹೇಳಿ ನಮ್ಮನ್ನೆಲ್ಲ ಹೊಟ್ಟೆಕಿಚ್ಚು ಪಡುವಂತೆ ಮಾಡಿದ. ನಿನಗಿನ್ನೂ ಸೊಂಟನೋವು ಬಿಟ್ಟಿಲ್ಲವಂತೆ. ಎಣ್ಣೆನೀರು ತಪ್ಪಿಸಬೇಡ. ನಿಮ್ಮತ್ತೆ ಕಳಿಸಿದ ಉಂಡೆ ಕೊಬ್ಬರಿ ತಲುಪಿತೇ? ಅಟ್ಟ ಹತ್ತಿ, ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಉಂಡೆ ಚೆನ್ನಾಗಿ ಗುಡುಗುಟ್ಟಿದ್ದನ್ನು ಮಾತ್ರ ಒಡೆಸಿ ಚೀಲಕ್ಕೆ ಹಾಕಿದ್ದಾಳೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕೆಂಪು ಹಸು ಕರು ಹಾಕಿದೆ, ಹೆಣ್ಣು ಕರು.

ಸೊಸೆಗೆ ಮಾವ ಕಾಗದ ಬರೆಯುವುದು ನಮ್ಮ ಮನೆಯಲ್ಲಿ ವಾಡಿಕೆಯಿಲ್ಲ. ಕರಪತ್ರ ಬರೆದಿದ್ದೇನೆ, ಮನವಿ ಬರೆದಿದ್ದೇನೆ, ತಿಪಟೂರಿನ ಗೋಡೆಗೋಡೆಗೂ ಸುಣ್ಣದಲ್ಲಿ ಧಿಕ್ಕಾರ ಬರೆದಿದ್ದೇನೆ. ಧಿಕ್ಕಾರ ಬರೆಯುವುದು ಸುಲಭ, ಅದು ಯಾವಾಗಲೂ ಇನ್ನೊಬ್ಬರಿಗೆ ಇರುತ್ತದೆ. ಈ ಕಾಗದಕ್ಕೆ ನಾನು ಎರಡು ಸಲ ಶುರು ಮಾಡಿ ಹರಿದು ಹಾಕಿದೆ. ನೀನೊಬ್ಬಳೇ ಓದು ಎಂದು ಬರೆಯುವುದಿಲ್ಲ. ನಿಮ್ಮಪ್ಪ ಅಮ್ಮನಿಗೂ ಓದಿ ಹೇಳು.

‘ಅಂಗಳಕ್ಕೆ ಬೇಲಿ ಆದ ದಿನ ಬತ್ತೀನಿ ಅಂತ ನಿಮ್ಮಪ್ಪಂಗೆ ಹೇಳಿ’ ಎಂದು ನೀನು ಮಹಾಂತೇಶನ ಕೈಲಿ ಹೇಳಿ ಕಳಿಸಿದ್ದು ಮುಟ್ಟಿತು. ಬಾಣಂತನ ಮುಗಿಸಿಕೊಂಡ ಸೊಸೆ ಗಂಡನ ಮನೆಗೆ ಬರಲು ಷರತ್ತು ಹಾಕುತ್ತಾಳಾ ಎಂದು ಮೊದಲು ಕೂಗಾಡಿದೆ. ನನ್ನ ಕೂಗಾಟ ನಿನಗೆ ಗೊತ್ತೇ ಇದೆ. ಬೇಲಿ ಎಂಬ ಮಾತೇ ನನಗೆ ಆಗದು. ಯಾಕೆ ಎಂಬುದೂ ಈ ಊರಿನಲ್ಲಿ ಎಲ್ಲರಿಗೂ ಗೊತ್ತು, ಹೇಳಿಕೊಂಡು ತಿರುಗಿದವನು ನಾನೇ ಆದ್ದರಿಂದ. ಊರ ಗೋಮಾಳಕ್ಕೆ ದೊಡ್ಡ ತೋಟದವರು ಮುಳ್ಳುತಂತಿ ಎಳೆದಾಗ ಮೊದಲ ಕಂಬ ಕಿತ್ತವನು ನಾನು. ಲಾಠಿ ತಿಂದು ಜೈಲಿನಿಂದ ಬಂದ ದಿನವೇ ನಮ್ಮ ಅಂಗಳಕ್ಕಿದ್ದ ಕತ್ತಾಳೆ ಬೇಲಿಯನ್ನೂ ಅಗೆದು ಬಿಸಾಡಿದೆ. ಬಸವರಾಜಪ್ಪನ ಅಂಗಳಕ್ಕೆ ಬೇಲಿಯಿಲ್ಲ, ಯಾರು ಯಾವಾಗ ಬೇಕಾದರೂ ಬರಬಹುದು ಎಂದು ಭಾಷಣ ಮಾಡಿದೆ. ಬಂದರು. ಅಂದಿನಿಂದ ಬೆಳಗಾದರೆ ಜಗಲಿಯ ತುಂಬ ಗಂಡಸರು. ಪೇಪರು, ಬೀಡಿ, ಕೊಬ್ಬರಿ ದರ, ಸರ್ಕಾರಕ್ಕೆ ಬೈಗುಳ, ಒಳಗಿನಿಂದ ಕಾಫಿ. ಆಮೇಲೆ ಮನೆ ಪಾಲಾಗಿ ಹಿತ್ತಿಲು ನನ್ನ ತಮ್ಮನ ಕಡೆಗೆ ಹೋಯಿತು. ಬಚ್ಚಲನ್ನು ಅದೇ ಅಂಗಳದ ಮೂಲೆಗೆ ತಂದೆ. ಸುತ್ತ ಸೊಂಟದೆತ್ತರ ಕಲ್ಲು, ಅದರ ಮೇಲೊಂದು ಹಳೇ ಸೀರೆ. ಗಾಳಿ ಬಂದರೆ ಒಂದು ಕೈಯಲ್ಲಿ ಸೀರೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನೀರು ಹುಯ್ದುಕೊಳ್ಳಬೇಕು. ಅಂಗಳದ ಸ್ವಾತಂತ್ರ್ಯವೆಲ್ಲ ಜಗಲಿಯ ಮೇಲಿತ್ತು. ಮೂಲೆಯಲ್ಲಿ ಒಂದು ಹೆಣ್ಣು ಸೀರೆಯ ಚುಂಗು ಹಿಡಿದುಕೊಂಡು ಕೂತಿತ್ತು. ನನಗೆ ಕಂಡದ್ದು ಜಗಲಿ ಮಾತ್ರ.

ಬೇಲಿ ಬೇಕು ಎಂದು ನೀನು ಕೇಳಿದ್ದು ಅತ್ತೆಯ ಕಿವಿಯಲ್ಲಿ, ಮೆಲ್ಲಗೆ. ನಾನು ಉತ್ತರ ಕೊಟ್ಟದ್ದು ಜಗಲಿಯಲ್ಲಿ, ಎಲ್ಲರೆದುರು. ‘ನಮ್ ಸೊಸೆ ಕೋಟೆ ಕಟ್ಟಿಸ್ತಾಳಂತೆ ಕಣ್ರಪ್ಪ. ಸುತ್ತ ಕಂದಕ ತೋಡ್ಸಿ ಒಂದು ಮೊಸಳೇನೂ ಬುಡನಾ?’ ಎಂದೆ. ಎಲ್ಲರೂ ನಕ್ಕರು. ಕಾಡಸಿದ್ದಪ್ಪ ತೊಡೆ ತಟ್ಟಿಕೊಂಡು ನಕ್ಕ. ಆಗ ನೀನು ಏಳು ತಿಂಗಳ ಬಸುರಿ, ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದೆ. ಆಮೇಲೆ ಅತ್ತೆಗೆ ಒಂದು ಹೆಸರು ಹೇಳಿದೆಯಂತೆ. ಅವಳು ಅದನ್ನು ನನಗೆ ಹೇಳಿದಳು. ‘ಕಾಡಸಿದ್ದಪ್ಪ ನನ್ ಜೊತೆ ಲಾಠಿ ತಿಂದೋನು. ಅವನ ಕಣ್ಣು ಅಂಥದ್ದಲ್ಲ’ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಅವನ ಬೆನ್ನಿನ ಬಾಸುಂಡೆ ನೋಡಿ ಅವನ ಕಣ್ಣಿಗೆ ಸರ್ಟಿಫಿಕೇಟು ಕೊಟ್ಟೆ. ಮಾರನೆಯ ವಾರ ನೀನು ಹೆರಿಗೆಗೆಂದು ಹೊರಟೆ. ಬಸ್ಸಿನ ಕಿಟಕಿಯಿಂದ ಅತ್ತೆಗೆ ಕೈ ಬೀಸಿದೆ.

ಕೊನೆಗೆ ಬೇಲಿ ಹಾಕಲು ಒಪ್ಪಿದ್ದು ನನಗೆ ಬುದ್ಧಿ ಬಂದಿತ್ತು ಎಂದಲ್ಲ. ಮೊಮ್ಮಗಳನ್ನು ನೋಡುವ ಆಸೆಗೆ ಒಪ್ಪಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಎಂಥ ಬೇಲಿ ಎಂಬುದು ಮುಂದಿನ ತಕರಾರು. ಮಹಾಂತೇಶ ಕೊಬ್ಬರಿ ಮಂಡಿಯಿಂದ ದಿನಕ್ಕೊಂದು ಸಲಹೆ ತರುತ್ತಿದ್ದ. ತಗಡಿನ ಶೀಟು ಹೊಡೆಸಿದರೆ ಒಂದೇ ದಿನದ ಕೆಲಸ ಎಂದ. ನಮ್ಮ ಬಿಸಿಲಿಗೆ ಅದು ಹೆಂಚಿನ ಹಾಗೆ ಕಾಯುತ್ತದೆ, ಮೊಳೆ ಹೊಡೆದ ಕಡೆಯೆಲ್ಲ ತೂತು. ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದರೆ ದೊಡ್ಡ ತೋಟದವರ ಮನೆಯ ಹಾಗೆ ಕಾಣುತ್ತದೆ ಎಂದು ನನಗೆ ಉರಿಯಿತು. ಆಗಲೂ ನಾನು ಬೇಲಿ ಹೊರಗಿನವರಿಗೆ ಹೇಗೆ ಕಂಡೀತು ಎಂದೇ ಯೋಚಿಸುತ್ತಿದ್ದೆ ನೋಡು. ದಾಸವಾಳದ ಗಿಡ ಸಾಲಾಗಿ ನೆಟ್ಟರೆ ಚೆಂದ, ಆದರೆ ಅದು ಆಳುದ್ದ ಬೆಳೆಯುವಷ್ಟರಲ್ಲಿ ಇಂಪನಾ ಸ್ಕೂಲಿಗೆ ಹೋಗುತ್ತಿರುತ್ತಾಳೆ. ಕೊನೆಗೆ ಉಳಿದದ್ದು ಚಪ್ಪಡಿ ಕಲ್ಲು, ಇಲ್ಲವೇ ತೆಂಗಿನ ಗರಿ ಹೆಣೆದ ತಡಿಕೆ.

ಚಪ್ಪಡಿ ನೋಡಲು ತಿಪಟೂರಿಗೆ ಹೋದೆ. ಒಂದು ಬೀದಿಯಲ್ಲಿ ಕಲ್ಲುಗಳನ್ನು ಒತ್ತಾಗಿ ನಿಲ್ಲಿಸಿದ ಒಳ್ಳೆಯ ಬೇಲಿ ಕಂಡಿತು. ಎರಡು ಕಲ್ಲಿನ ನಡುವೆ ಸಂದು ಎಷ್ಟಿದೆ ಎಂದು ಬಗ್ಗಿ ನೋಡುತ್ತಿದ್ದೆ. ಒಳಗಿನಿಂದ ಒಂದು ಹೆಣ್ಣುದನಿ, ‘ಯಾರ್ರೀ ಅದು ಇಣುಕೋದು? ಈ ವಯಸ್ಸಲ್ಲಿ ನಾಚ್ಕೆ ಆಗಲ್ವಾ?’ ಎಂದಿತು. ‘ಇಲ್ಲಾ ತಾಯಿ, ಬೇಲಿ ನೋಡ್ತಿದ್ದೆ’ ಎಂದೆ. ‘ಎಲ್ರೂ ಹಂಗೇ ಅನ್ನೋದು’ ಎಂದು ಚೊಂಬಿನ ನೀರನ್ನು ಸಂದಿಗೇ ಎರಚಿದಳು. ಹೆಗಲ ಮೇಲಿದ್ದ ಹಸಿರು ಟವೆಲಿನಿಂದ ಮುಖ ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ತನಕ ತಲೆಯೆತ್ತದೆ ನಡೆದೆ. ಮಹಾಂತೇಶ ಕೇಳಿ ಬಿದ್ದು ಬಿದ್ದು ನಕ್ಕ. ನಿಮ್ಮತ್ತೆ ನಗಲಿಲ್ಲ. ‘ಆಯಮ್ಮಂಗೆ ಕೂಗೋಕೆ ಬೇಲಿ ಹಿಂದೆ ಒಂದು ಜಾಗ ಇತ್ತು. ಪುಣ್ಯವಂತೆ’ ಎಂದಳು.

ಮಾರನೆಯ ದಿನ ಎತ್ತರದ ಅಳತೆ ಹಿಡಿಯಬೇಕಿತ್ತು. ‘ನೀನು ಬಚ್ಚಲಲ್ಲಿ ಕೂತ್ಕೊ, ನಾನು ಸುತ್ತ ನಿಂತು ನೋಡ್ಕೊಂಡ್ ಬತ್ತೀನಿ’ ಎಂದೆ. ನಿಮ್ಮತ್ತೆ ಚಿಕ್ಕಗೌರಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ‘ನಾವು ಕೂತಿದ್ದು ಸಾಕು. ಇವತ್ತು ನೀವು ಕೂತ್ಕಳಿ, ನಾನ್ ನೋಡ್ತೀನಿ’ ಎಂದಳು. ಸೀರೆ ಕಟ್ಟಿ ಒಳಗೆ ಕಲ್ಲಿನ ಮೇಲೆ ಕೂತೆ. ಅವಳು ರಸ್ತೆಗೆ ಹೋಗಿ ನಿಂತು ‘ಇಲ್ಲಿಗೇನೂ ಕಾಣಲ್ಲ’ ಎಂದಳು. ತಮ್ಮನ ಹಿತ್ತಿಲ ಕಡೆಯಿಂದ ‘ನೆತ್ತಿ ಕಾಣ್ತದೆ, ಅಷ್ಟೆಯ’ ಎಂದಳು. ಆಮೇಲೆ ಜಗಲಿ ಹತ್ತಿದಳು. ಅವಳು ಅಲ್ಲಿ ಗಂಡಸರು ಕೂರುವ ಜಾಗದಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕುರ್ಚಿಯಲ್ಲಿ ಕೂತು ‘ತೋಳು ಕಾಣ್ತದೆ’ ಎಂದಳು. ಆಮೇಲೆ ಕಂಬದ ಪಕ್ಕದ ಬೆಂಚಿಗೆ ಹೋಗಿ ಕೂತಳು. ‘ಏನೇ, ಕಾಣ್ತದಾ?’ ಎಂದು ಕೂಗಿದೆ. ‘ಎಲ್ಲಾ ಕಾಣ್ತದೆ ಕಣ್ರೀ’ ಎಂದಳು. ‘ಸೀರೆ ಸ್ವಲ್ಪ ಸರಿದ್ರೆ ಸಾಕು, ಈ ಕಡೀಕೆ ನೇರವಾಗಿ ಒಂದು ಸಂದು. ನೀವು ಕಾಲು ಮಡಿಸಿರೋದು, ಬೆನ್ನು ಬಗ್ಗಿಸಿರೋದು, ಎಲ್ಲಾ.’ ನನ್ನ ಮೈಮೇಲೆ ಅಂಗಿಯಿತ್ತು, ಪಂಚೆಯಿತ್ತು. ನೋಡುತ್ತಿದ್ದವಳು ನನ್ನ ಹೆಂಡತಿ. ಆದರೂ ಮೊಣಕಾಲು ಎಳೆದುಕೊಂಡು ಮುದುಡಿ ಕೂತೆ. ಗಿರಿಜಾ, ನೀನು ಈ ಕಲ್ಲಿನ ಮೇಲೆ ಹೇಗೆ ಕೂತಿದ್ದೆಯವ್ವ?

ಆ ಬೆಂಚು ಯಾರದೆಂದು ನಿನಗೆ ಹೇಳಬೇಕಾಗಿಲ್ಲ. ಒಮ್ಮೆ ಬೇರೊಬ್ಬ ಕೂತಿದ್ದಾಗ ಕಾಡಸಿದ್ದಪ್ಪ ‘ಏಳ್ಲಾ, ಅದು ನನ್ ಜಾಗ’ ಎಂದು ಎಬ್ಬಿಸಿದ್ದ. ರೈತ ಸಂಘದಲ್ಲಿ ಸಿಗದ ಸೀಟು ಇವನಿಗೆ ನಮ್ಮ ಜಗಲಿಯಲ್ಲಿ ಸಿಕ್ಕಿತು ಎಂದು ನಾವು ತಮಾಷೆ ಮಾಡಿದ್ದೆವು.

ಅಷ್ಟಾದರೂ ನಂಬಲು ನನಗೆ ಮನಸ್ಸು ಬರಲಿಲ್ಲ. ನಿಮ್ಮತ್ತೆಯೇ ಒಂದು ಉಪಾಯ ಮಾಡಿದಳು. ಬೆಂಚನ್ನು ಜಗಲಿಯ ಆ ತುದಿಗೆ ಎಳೆಸಿಟ್ಟಳು. ಬೆಳಿಗ್ಗೆ ಎಲ್ಲರೂ ಬಂದು ಕೂತರು, ಕಾಡಸಿದ್ದಪ್ಪನೂ ಆ ತುದಿಯಲ್ಲೇ ಆರಾಮಾಗಿ ಕೂತು ಪೇಪರು ಬಿಡಿಸಿದ. ಆಗ ಅವಳು ಬಚ್ಚಲ ಪಕ್ಕದ ಹಂಡೆ ಒಲೆಗೆ ಕಾಯಿಮಟ್ಟೆ ತುರುಕಿ ಉರಿ ಹಚ್ಚಿ ಒಳಗೆ ಬಂದಳು. ಸ್ನಾನ ಮಾಡುವವರು ಯಾರೂ ಇರಲಿಲ್ಲ. ಹೊಗೆ ಎದ್ದಿತು. ಕಾಡಸಿದ್ದಪ್ಪ ಪೇಪರು ಕೆಳಗಿಳಿಸಿ ಹೊಗೆಯ ಕಡೆ ನೋಡಿದ. ‘ಸೊಸೆ ಬಂದ್ಳೇನ್ಲಾ?’ ಎಂದು ನನ್ನನ್ನು ಕೇಳಿದ. ಅವನು ಎದ್ದ. ‘ಈ ಕಡೆ ಬಿಸ್ಲು ಬತ್ತದೆ ಕಣ್ಲಾ’ ಎಂದು ಬೆಂಚನ್ನು ತಾನೇ ದರದರ ಎಳೆದುಕೊಂಡು ಹೋಗಿ ಕಂಬದ ಪಕ್ಕ ಹಾಕಿಕೊಂಡ. ಅವನು ಬಿಟ್ಟೆದ್ದ ತುದಿಯಲ್ಲಿ ಬಿಸಿಲಿರಲಿಲ್ಲ.

ನಿಮ್ಮತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನನ್ನಲ್ಲ, ನನ್ನನ್ನು. ಡಿ.ಸಿ. ಆಫೀಸಿನ ಮುಂದೆ ಮೈಕಿಲ್ಲದೆ ಕೂಗಿದ ಗಂಟಲು ನನ್ನದು. ನಾನು ಪೇಪರು ಎತ್ತಿಕೊಂಡು ಕೊಬ್ಬರಿ ದರ ಜೋರಾಗಿ ಓದಿದೆ.

ಅವತ್ತು ಊಟಕ್ಕೆ ಬಡಿಸುವಾಗ ಅವಳು ಹೇಳಿದ್ದು ಇಷ್ಟು. ‘ಬಚ್ಚಲಿಗೆ ಎಂಥ ಬೇಲಿ, ಎಂಥ ಬೇಲಿ ಅಂತ ಊರೆಲ್ಲ ಸುತ್ತಿದ್ರಿ. ಕಣ್ಣು ಇರೋದು ಜಗಲೀಲಿ. ಮೊದ್ಲು ಅಲ್ಲಿಗೆ ಹಾಕ್ರಿ.’ ನಾನು ಅನ್ನ ಕಲಸಿಕೊಂಡು ಕೂತೆ. ಅಷ್ಟು ದಿನ ನಾನು ಆರಿಸುತ್ತಿದ್ದದ್ದು ನಿನ್ನನ್ನು ಯಾವುದರೊಳಗೆ ಮುಚ್ಚಿಡಬೇಕು ಎಂಬುದನ್ನು. ಕಲ್ಲಿನೊಳಗೋ, ತಗಡಿನೊಳಗೋ. ನೋಡುವವನು ಕಾಲು ಚಾಚಿ ಗಾಳಿಯಲ್ಲಿ ಕೂತಿರಬೇಕು, ಅವನಿಗೆ ನಾವು ಕಾಫಿ ಕೊಡಬೇಕು, ನೀನು ಮಾತ್ರ ಸಂದಿಲ್ಲದ ಕಡೆ ಹೋಗಿ ಅಡಗಬೇಕು. ಗೋಮಾಳದ ಬೇಲಿ ಕಿತ್ತವನ ನ್ಯಾಯ ಇದು.

ಹಾಗಾಗಿ ಗರಿಯ ತಡಿಕೆಯೇ ಆಯಿತು. ತೋಟದಲ್ಲಿ ಉದುರಿದ್ದ ಗರಿಗಳನ್ನು ತಂದು ತೊಟ್ಟಿಯಲ್ಲಿ ನೆನೆಹಾಕಿ ಇಬ್ಬರೂ ಕೂತು ಹೆಣೆದೆವು. ನಾನು ಹೆಣೆದದ್ದರಲ್ಲಿ ಸಂದು ಬಿಟ್ಟಿತ್ತು. ನಿಮ್ಮತ್ತೆ ಅದನ್ನು ಬಿಚ್ಚಿ, ಬೈದು, ಮತ್ತೆ ಹೆಣೆಸಿದಳು. ಜಗಲಿಯ ಅಂಗಳದ ಮಗ್ಗುಲಿಗೆ, ನೆಲದಿಂದ ಸೂರಿನ ತನಕ ಉದ್ದಕ್ಕೂ ಕಟ್ಟಿದ್ದೇವೆ. ಗಂಡಸರು ರಸ್ತೆ ಕಡೆಯ ಮೆಟ್ಟಿಲು ಹತ್ತಿ ಬರಬೇಕು, ಆ ಕಡೆಯೇ ಮುಖ ಮಾಡಿ ಕೂರಬೇಕು. ಜಗಲಿ ಕತ್ತಲಾಗಿದೆ, ಪೇಪರು ಓದಲು ಕಣ್ಣು ಕಿರಿದು ಮಾಡಬೇಕು. ಆಗಲಿ. ಅಂಗಳಕ್ಕೆ ಮಾತ್ರ ಬೆಳಕು ಬಂದ ಹಾಗಾಗಿದೆ. ನಿನ್ನೆ ನಿಮ್ಮತ್ತೆ ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟುಕೊಂಡೇ ಮೆಣಸಿನಕಾಯಿ ಹರವುತ್ತಿದ್ದಳು. ಹಗಲು ಹೊತ್ತಿನಲ್ಲಿ, ನಮ್ಮದೇ ಅಂಗಳದಲ್ಲಿ, ಅವಳನ್ನು ಹಾಗೆ ನಾನು ಕಂಡಿರಲಿಲ್ಲ.

ಬಚ್ಚಲಿಗೂ ಮರೆ ಆಗಬೇಕು. ಅದನ್ನು ನೀನು ಆರಿಸು. ಚಪ್ಪಡಿ ನಿಲ್ಲಿಸಿ ಸಂದಿಗೆ ಗಾರೆ ತುಂಬಿಸಿ, ಬಾಗಿಲನ್ನು ತೋಟದ ಕಡೆಗೆ ಇಟ್ಟು ಒಳಗಡೆ ಚಿಲಕ ಹಾಕಿಸಿದರೆ ಸರಿಯೇನೋ ಎಂದು ನನಗೆ ತೋಚುತ್ತದೆ. ತೋಚಿದ್ದನ್ನು ಯಾರನ್ನೂ ಕೇಳದೆ ಮಾಡಿಬಿಡುವುದು ನನ್ನ ಹಳೇ ರೋಗ, ಅದಕ್ಕೇ ಕೈ ಕಟ್ಟಿ ಕೂತಿದ್ದೇನೆ. ಎತ್ತರ ಎಷ್ಟು, ಬಾಗಿಲು ಎತ್ತ, ಕಲ್ಲೋ ಇಟ್ಟಿಗೆಯೋ, ನೀನು ಬರೆದ ಹಾಗೆ.

ನಿಮ್ಮಪ್ಪ ಅಮ್ಮನಿಗೆ ನನ್ನ ಶರಣು ಹೇಳು. ಅವರಿಗೆ ಮುಖ ತೋರಿಸಲು ನನಗಿನ್ನೂ ಸ್ವಲ್ಪ ದಿನ ಬೇಕು. ಇಂಪನಾಳ ನೆತ್ತಿಗೆ ಎಣ್ಣೆ ಒತ್ತುವಾಗ ಈ ತಾತನ ಹೆಸರು ಹೇಳಿ ಒಂದು ತೊಟ್ಟು ಹೆಚ್ಚಿಗೆ ಹಾಕು. ನೀನು ಗಟ್ಟಿಯಾಗಿರು ತಾಯಿ.

ನಿನ್ನ ಮಾವ,
ಬಸವರಾಜಪ್ಪ

ಮರೆತದ್ದು: ಮರೆತದ್ದು ಎಂದು ಬರೆದೆ, ಮರೆತಿಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಟಪಾಲು ಚೀಲ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ತಡಿಕೆ ಕಟ್ಟಿದ ದಿನ ಕಾಡಸಿದ್ದಪ್ಪ ‘ಇದ್ಯಾಕ್ಲಾ ಇದು?’ ಎಂದು ಕೇಳಿದ. ನಾನು ‘ಬಿಸ್ಲು ಬತ್ತದೆ ಕಣ್ಲಾ’ ಎಂದೆ. ಅವನ ಸುಳ್ಳನ್ನೇ ಅವನಿಗೆ ಹೇಳಿದೆ. ಅವನು ಹೂಂ ಎಂದ. ಈಗಲೂ ದಿನಾ ಬರುತ್ತಾನೆ, ನಮ್ಮ ಮನೆಯ ಕಾಫಿ ಕುಡಿಯುತ್ತಾನೆ. ಭಾನುವಾರ ನಮ್ಮ ಮನೆಯಲ್ಲಿ ಸಂಘದ ಸಭೆಯಿದೆ. ಅಂದು ನಕ್ಕವರೆಲ್ಲ ಬರುತ್ತಾರೆ. ತಡಿಕೆ ಯಾಕೆ ಕಟ್ಟಿದೆ ಎಂದು ಅವರೆಲ್ಲರೆದುರು, ಅವನೆದುರು, ನಾನು ಹೇಳಬೇಕು. ಮೊಸಳೆಯ ಮಾತನ್ನೂ ಅಲ್ಲೇ ವಾಪಸು ತೆಗೆದುಕೊಳ್ಳಬೇಕು. ನಿನ್ನ ಹೆಸರು ಎತ್ತುವುದಿಲ್ಲ, ನನ್ನ ಹೆಸರು ಎತ್ತುತ್ತೇನೆ. ಹೇಳಿದೆನಾದರೆ ಸೋಮವಾರ ಮೊದಲ ಬಸ್ಸಿಗೆ ಮಹಾಂತೇಶ ನಿನ್ನನ್ನೂ ಕೂಸನ್ನೂ ಕರೆಯಲು ಬರುತ್ತಾನೆ. ಸೋಮವಾರ ಅವನು ಬರದಿದ್ದರೆ, ನಿನ್ನ ಮಾವ ಮತ್ತೆ ಬಿಸಿಲಿನ ಮಾತನ್ನೇ ಆಡಿದ ಎಂದು ತಿಳಿ. ಆಗ ಕಲ್ಲಿನ ಬೇಲಿಯೇ ಆಗಿದೆ ಎಂದು ಯಾರು ಬಂದು ಕರೆದರೂ, ನಾನೇ ಬಂದು ಕರೆದರೂ, ಬರಬೇಡ.